ಹದಿನೇಳರ ಹಿಂದೆ ಹದಿನೆಂಟು

"ಕೊನೆಯವರು ಯಾರು?"

ಬಸ್ ನಿಲ್ದಾಣದಲ್ಲಿ ಪೂರ್ವಕ್ಕೆ ಹೋಗುವವರ ಹಾಲ್‌ಗೆ ಕಾಲಿಡುತ್ತಲೇ ಮೈಲೇನ್ ಗಟ್ಟಿಯಾಗಿ ಕೇಳಿದಳು.

ಕಂಬಕ್ಕೆ ಒರಗಿದ್ದ ಮುದುಕನೊಬ್ಬ ಕೈ ಎತ್ತಿದ. ಮೈಲೇನ್ ಆ ಮುಖವನ್ನು ನೆನಪಿಟ್ಟುಕೊಂಡು ಹೋಗಿ ಬೆಂಚಿನ ಮೇಲೆ ಕೂತಳು.

ದ್ವೀಪದ ನಟ್ಟನಡುವಿನ ನಮ್ಮ ಸಾಂತಾ ಕ್ಲಾರಾದಲ್ಲಿ ಯಾರೂ ಒಬ್ಬರ ಹಿಂದೆ ಒಬ್ಬರು ನಿಂತು ಕಾಲು ನೋಯಿಸಿಕೊಳ್ಳುವುದಿಲ್ಲ. ಕೊನೆಯವರು ಯಾರೆಂದು ಕೇಳಬೇಕು, ಅವರ ಹಿಂದೆ ನಾವು, ಅಷ್ಟೇ. ಆಮೇಲೆ ಎಲ್ಲಿ ಬೇಕಾದರೂ ಕೂರಬಹುದು. ಆದರೆ ಬುದ್ಧಿ ಇದ್ದವರು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ: "ನಿಮ್ಮ ಮುಂದೆ ಯಾರು?" ಮುಂದಿನವರು ಬೇಸತ್ತು ಮನೆಗೆ ಹೋದರೆ ನಮ್ಮ ಸರದಿ ಗಾಳಿಯಲ್ಲಿ ನೇತಾಡುತ್ತದಲ್ಲ!

ಆ ಎರಡನೇ ಪ್ರಶ್ನೆಯನ್ನು ಮೈಲೇನ್ ಕೇಳಲಿಲ್ಲ. ಮುದುಕ ಹತ್ತು ನಿಮಿಷಕ್ಕೇ ಎದ್ದು ಮನೆಗೆ ನಡೆದ.

"ರೀ, ಆ ಅಜ್ಜನ ಹಿಂದೆ ಇದ್ದವನು ನಾನು!"

ಮೈಲೇನ್ ತಲೆ ಎತ್ತಿದಳು. ಎದುರಿಗೆ ಒಬ್ಬ ಯುವಕ. ಕೈಯಲ್ಲಿ ಕಾಫಿ ಲೋಟ, ಬೆರಳ ತುದಿಯಲ್ಲೆಲ್ಲ ಸೂಜಿ ಚುಚ್ಚಿದ ಗುರುತುಗಳು.

"ನಾನು ಕೇಳಿದಾಗ ಅವರೇ ಕೊನೆಯವರು ಅಂದ್ರು."

"ಅವರಿಗೆ ಹೇಳೇ ಕಾಫಿಗೆ ಹೋಗಿದ್ದೆ. ಪಾಪ, ಮರೆತಿದ್ದಾರೆ. ಜಾಗ ನಂದು."

"ಕಾಫಿ ಆಮೇಲೆ ಕುಡೀಬಹುದಿತ್ತು. ಜಾಗ ಬಿಟ್ಟು ಹೋದವರಿಗೆ ನಾನು ಕಾಯೋದಿಲ್ಲ!"

ಅವಳ ದನಿ ಅಷ್ಟು ಏರುವಂಥ ಮಾತೇನೂ ಅದಾಗಿರಲಿಲ್ಲ. ಅದು ಅವಳಿಗೂ ಗೊತ್ತಾಯಿತು. ಯುವಕ ಮಾತ್ರ ಅವಳನ್ನೇ ನೋಡುತ್ತ ನಿಂತ... ಕಾಫಿ ಆರಿ ಹೋಗುವಷ್ಟು ಹೊತ್ತು!

"ಸಾಕು ನಿಲ್ಸಿ!" ಎಂದು ಗದರಿದರು ಓರ್ತೆನ್ಸಿಯಾ ಟೀಚರ್.

ಇವರಿಗೆ ಯಾವ ಊರಿಗೂ ಹೋಗಬೇಕಿರಲಿಲ್ಲ. ಎದುರು ಬೀದಿಯಲ್ಲೇ ಮನೆ. ನಲವತ್ತು ವರ್ಷ ಶಾಲೆಯಲ್ಲಿ ಹಾಜರಿ ಕೂಗಿದ ಬಾಯಿ ನಿವೃತ್ತಿಯಾದ ಮೇಲೆ ಸುಮ್ಮನಿರಲಾರದೆ, ಪೂರ್ವಕ್ಕೆ ಹೋಗುವವರ ಪಟ್ಟಿಯನ್ನು ತಾವಾಗಿಯೇ ಹಿಡಿದುಕೊಂಡಿದ್ದರು. ಸೀಟು ಕಡಿಮೆ, ಕಾಯುವವರು ಹೆಚ್ಚು. ಅದಕ್ಕೇ ಬಸ್ಸಿನ ದಿನದ ತನಕ ಪ್ರತಿ ಬೆಳಿಗ್ಗೆ ಏಳಕ್ಕೆ ಹಾಜರಿ. ಒಂದು ಬೆಳಿಗ್ಗೆ ತಪ್ಪಿಸಿಕೊಂಡರೂ ಹೆಸರು ಹೊಡೆದು ಹಾಕುತ್ತಿದ್ದರು.

"ಕಾಫಿ ಬೇಕಾದವನು ಹಿಂದೆ. ಹದಿನೇಳು, ಮೈಲೇನ್. ಹದಿನೆಂಟು, ರೈದೆಲ್. ಮುಂದಿನ ಮಂಗಳವಾರದ ಸಾಂತಿಯಾಗೋ ಬಸ್ಸು. ಮುಗೀತು!"

*

ಮೈಲೇನ್ ಹಲ್ಲಿನ ವೈದ್ಯೆ. ಪರೀಕ್ಷೆ ಮುಗಿದಿತ್ತು. ಬರುವ ಸೋಮವಾರವಲ್ಲ, ಅದರ ಮುಂದಿನ ಸೋಮವಾರ ಬೆಳಿಗ್ಗೆ ಎಂಟಕ್ಕೆ ದ್ವೀಪದ ಪಶ್ಚಿಮದ ತುದಿಯ ಪಿನಾರ್‌ನಲ್ಲಿ ಅವಳ ಮೊದಲ ಕೆಲಸ. ಆ ದಿನ ಹಾಜರಾಗದಿದ್ದರೆ ಜಾಗ ಬೇರೆಯವರಿಗೆ.

ಅದಕ್ಕೂ ಮುಂಚೆ, ಮಂಗಳವಾರದಿಂದ ಐದು ದಿನ ಅವಳವು. ಬೆನ್ನಿಗೊಂದು ಚೀಲ ಹಾಕಿಕೊಂಡು ಪೂರ್ವದ ತುದಿಯ ಬರಾಕೋವಾ ತನಕ ಹೋಗಿಬರಬೇಕು. ಯಾರ ಹಂಗೂ ಇಲ್ಲದೆ!

ಅವಳ ಅಪ್ಪ ಲಾರಿ ಓಡಿಸುತ್ತಿದ್ದರು. "ಈ ರಜೆಗೆ ನಿನ್ನನ್ನ ಬರಾಕೋವಾಕ್ಕೆ ಕರ್ಕೊಂಡು ಹೋಗ್ತೀನಿ ಪುಟ್ಟಿ. ಬಾಗಿಲಲ್ಲಿ ರೆಡಿ ಇರು" ಎಂದು ಪ್ರತಿ ವರ್ಷ ಹೇಳುತ್ತಿದ್ದರು. ಪುಟ್ಟಿ ಪ್ರತಿ ವರ್ಷ ಬಟ್ಟೆ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ಕೂರುತ್ತಿದ್ದಳು. ಲಾರಿ ಮಾತ್ರ ಬರುತ್ತಿರಲಿಲ್ಲ. ಹೋದ ವರ್ಷ ಅಪ್ಪನೇ ಹೋಗಿಬಿಟ್ಟರು.

ಬಾಗಿಲಲ್ಲಿ ಕಾಯುವುದೆಂದರೆ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

*

ಎರಡನೇ ದಿನ ಹಾಜರಿ ಮುಗಿದಾಗ ರೈದೆಲ್ ಎರಡು ಲೋಟ ಕಾಫಿ ಹಿಡಿದು ಬಂದ.

"ಇವತ್ತು ಹಾಜರಿ ಆದ್ಮೇಲೇ ಹೋಗಿದ್ದೆ. ಜಗಳ ಇಲ್ಲ ಅಲ್ವಾ?"

ಅವಳು ನಗು ತಡೆದುಕೊಂಡಳು. ಅವನು ಅವಳ ತೊಡೆಯ ಮೇಲಿದ್ದ ಹಾಳೆಯನ್ನು ಇಣುಕಿ ನೋಡಿದ.

"ಬುಧವಾರ ಬೆಳಿಗ್ಗೆ ಸಾಂತಿಯಾಗೋ, ಮಧ್ಯಾಹ್ನಕ್ಕೆ ಬರಾಕೋವಾ? ಡಾಕ್ಟ್ರಮ್ಮ, ದಾರೀಲಿ ಗ್ವಾಂತಾನಮೋದಲ್ಲಿ ಲಾರಿ ನಿಮಗೋಸ್ಕರ ಎಂಜಿನ್ ಬಿಸಿ ಮಾಡ್ಕೊಂಡು ನಿಂತಿರುತ್ತಾ?"

"ನಿಮಗೇನ್ರೀ ಗೊತ್ತು?"

"ನಾನೂ ಅಲ್ಲಿಗೇ ಹೊರಟವನು. ಚಪ್ಪಲಿ ಹೊಲಿಯೋನು ನಾನು. ಊರವರ ಕಾಲೆಲ್ಲ ಎಲ್ಲೆಲ್ಲಿಗೋ ಹೋಗಿ ಬಂದಿದೆ, ನನ್ನದು ಮಾತ್ರ ಎಲ್ಲಿಗೂ ಹೋಗಿಲ್ಲ."

ಅಲ್ಲಿಂದ ಶುರುವಾಯಿತು ನೋಡಿ! ದಿನಾ ಹಾಜರಿ, ಆಮೇಲೆ ಕಾಫಿ, ಆಮೇಲೆ ಹಾಳೆ. ಬರಾಕೋವಾದ ಯೂಂಕೆ ಬೆಟ್ಟ ಯಾವ ದಿನ ಹತ್ತುವುದು? ಹೊಳೆ ದಂಡೆಯಲ್ಲಿ ಮಲಗಲು ಜೋಲಿ ಸಾಕೋ, ಸೊಳ್ಳೆ ಪರದೆಯೂ ಬೇಕೋ? ಒಂದೇ ಪಾತ್ರೆಯಲ್ಲಿ ಇಬ್ಬರಿಗೂ ಅನ್ನ ಆಗುತ್ತದೋ?

'ಇಬ್ಬರಿಗೂ' ಎಂದು ತಾನು ಯಾವಾಗ ಬರೆಯಲು ಶುರು ಮಾಡಿದೆ? ಅವಳಿಗೇ ನೆನಪಿಲ್ಲ! 'ರೀ' ಹೋಗಿ 'ನೀನು' ಬಂದದ್ದೂ ತಿಳಿಯಲಿಲ್ಲ.

ನಾಲ್ಕನೇ ದಿನ ಅವನು ಅವಳ ಹೆಗಲಿನ ಅಳತೆ ತೆಗೆದುಕೊಂಡ. ಹಳೇ ಲಾರಿಯ ಟಾರ್ಪಾಲಿನಲ್ಲಿ ಅವಳಿಗೊಂದು ಬೆನ್ನುಚೀಲ ಹೊಲಿಯುತ್ತೇನೆ ಎಂದ. ಅಳತೆ ಮುಗಿದ ಮೇಲೂ ಟೇಪು ಅವಳ ಹೆಗಲ ಮೇಲೇ ಇತ್ತು. ಓರ್ತೆನ್ಸಿಯಾ ಟೀಚರ್ ಬೇಕಂತಲೇ ಕೆಮ್ಮಿದರು.

ಜಗಳವೂ ಇತ್ತು. ಹಾಳೆಯ ಕೊನೆಯ ಸಾಲಿನ ಮೇಲೆ ಅವನು ಬೆರಳಿಟ್ಟ. "ಭಾನುವಾರ, ಪಿನಾರ್. ಹೇಗೋ ಆಗುತ್ತೆ." ಹಾಗೆಂದು ಬರೆದಿತ್ತು.

"ಹೇಗೋ ಅಂದ್ರೆ ಹೇಗೆ, ಮೈಲೇನ್? ಭಾನುವಾರದ ಪಶ್ಚಿಮದ ಬಸ್ಸಿಗೂ ಹೀಗೇ ಪಟ್ಟಿ ಇರುತ್ತೆ. ಈ ಶುಕ್ರವಾರವೇ ತೆರೀತಾರಂತೆ. ನೀನು ಬರಾಕೋವಾದಲ್ಲಿ ಇರುವಾಗ ಇಲ್ಲಿ ನಿನ್ನ ಹಾಜರಿ ಯಾರು ಹೇಳ್ತಾರೆ?"

"ರಸ್ತೇಲಿ ಕೈ ಅಡ್ಡ ಹಿಡಿದು ಹೋಗ್ತೀನಿ."

"ಸೋಮವಾರ ಎಂಟಕ್ಕೆ ತಲುಪ್ತೀಯಾ? ಕೆಲಸ ಹೋದ್ರೆ?"

"ನನ್ನ ಪ್ರಯಾಣ, ನನ್ನ ಕೆಲಸ. ನನ್ನ ಪರವಾಗಿ ಯಾರೂ ಯೋಚನೆ ಮಾಡೋದು ಬೇಡ!"

ಅವನು ಹಾಳೆಯಿಂದ ಬೆರಳು ತೆಗೆದ. ಅವನು ಅಷ್ಟು ಬೇಗ ಬಿಟ್ಟುಕೊಟ್ಟದ್ದು ಅವಳಿಗೆ ಹಿಡಿಸಲಿಲ್ಲ.

*

ಶನಿವಾರ ಬೆಳಿಗ್ಗೆ ಏಳು ಗಂಟೆ.

"ಹದಿನೇಳು!"

"ಇದ್ದೀನಿ."

"ಹದಿನೆಂಟು!"

ಉತ್ತರವಿಲ್ಲ. ಮೈಲೇನ್ ತಿರುಗಿ ನೋಡಿದಳು. ರೈದೆಲ್ ಎಲ್ಲೂ ಕಾಣಲಿಲ್ಲ.

"ಹದಿನೆಂಟು! ರೈದೆಲ್!"

"ಇದ್ದಾನೆ ಟೀಚರ್! ಕಾಫಿಗೆ ಹೋಗಿದ್ದಾನೆ..." ಜಾಗ ಬಿಟ್ಟವರಿಗೆ ಕಾಯುವುದಿಲ್ಲ ಎಂದಿದ್ದವಳ ಬಾಯಿಂದಲೇ ಸುಳ್ಳು ಹೊರಬಿತ್ತು. ಟೀಚರ್ ಕನ್ನಡಕದ ಮೇಲಿಂದ ನೋಡಿ, ಗುರುತು ಹಾಕಿ ಮುಂದೆ ಹೋದರು.

'ಬರ್ತಾನೆ. ಹುಷಾರಿಲ್ಲವೇನೋ... ಎದ್ದಿದ್ದೇ ತಡವೇನೋ...' ಎಂಟು ಗಂಟೆಯ ತನಕ ಅವಳು ಬೆಂಚಿನ ಮೇಲೇ ಕೂತಿದ್ದಳು. ಅವನು ಬರಲಿಲ್ಲ.

ಭಾನುವಾರವೂ ಹದಿನೆಂಟು ಎಂದು ಕೂಗಿದರು. ಒಂದು ಸಲ, ಎರಡು ಸಲ, ಮೂರು ಸಲ. ಇಡೀ ಹಾಲ್ ಅವಳ ಕಡೆ ನೋಡಿತು. ಮೈಲೇನ್ ತುಟಿ ಬಿಗಿಹಿಡಿದಳು. ಬಾಯಿ ತೆರೆದರೆ ಅಳು ಬರುತ್ತಿತ್ತು.

ಟೀಚರ್ ಅವನ ಹೆಸರಿನ ಮೇಲೆ ಗೆರೆ ಎಳೆದರು.

ಸಂಜೆ ಅವನೇ ಅವಳ ಮನೆ ಬಾಗಿಲಿಗೆ ಬಂದ. ಕೈಯಲ್ಲಿ ಹಸಿರು ಟಾರ್ಪಾಲಿನ ಚೀಲ.

"ಮೈಲೇನ್, ಸಿಟ್ಟಾಗ್ಬೇಡ. ಆ ಬಸ್ಸಿಗೆ ನಾನು ಬರೋದಕ್ಕೆ ಆಗಲ್ಲ. ಯಾಕಂದ್ರೆ ಪಶ್ಚಿಮದ..."

"ಯಾಕೆ ಅಂತ ನಾನು ಕೇಳಿದ್ನಾ?"

"ಒಂದು ಮಾತು ಕೇಳು..."

"ನನ್ನಪ್ಪನೂ ಹೀಗೇ! ಪ್ರತಿ ಸಲ ಒಂದು ಕಾರಣ. ಎಲ್ಲಾ ಒಳ್ಳೊಳ್ಳೇ ಕಾರಣಗಳೇ!" ಅವಳ ಕೈ ಬಾಗಿಲಿಗೆ ಹೋಯಿತು. "ಬಾಗಿಲಲ್ಲಿ ಕೂತು ಕಾಯೋ ಪುಟ್ಟಿ ಅಲ್ಲ ನಾನೀಗ. ಹೋಗು ರೈದೆಲ್!"

ಅವಳು ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅದಕ್ಕೇ ಒರಗಿ ನಿಂತು, ಅವನ ಹೆಜ್ಜೆ ಸದ್ದು ಬೀದಿ ತಿರುವಿನ ತನಕ ಹೋಗುವುದನ್ನು ಕೇಳಿಸಿಕೊಂಡಳು. ಹೊಸಿಲಾಚೆ ಚೀಲ ಹಾಗೇ ಬಿದ್ದಿತ್ತು.

*

ಮಂಗಳವಾರ ಬಸ್ಸು ಬಂದಾಗ ಅದೇ ಚೀಲ ಅವಳ ಬೆನ್ನ ಮೇಲಿತ್ತು. ಬೇರೆ ಚೀಲ ಇರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಆದರೆ ಅದು ಹೆಗಲಿಗೆ ಎಷ್ಟು ಹಿತವಾಗಿ ಕೂತಿತ್ತು! ಅವಳ ಎಡ ಹೆಗಲು ಸ್ವಲ್ಪ ತಗ್ಗು. ಅದನ್ನು ಅವಳ ಅಮ್ಮನೂ ಗಮನಿಸಿರಲಿಲ್ಲ. ಅವನು ಎಡಗಡೆಯ ಪಟ್ಟಿಯನ್ನು ಅಷ್ಟೇ ಗಿಡ್ಡ ಮಾಡಿ ಹೊಲಿದಿದ್ದ.

"ಹದಿನೇಳು ಸೀಟು ಖಾಲಿ!" ಡ್ರೈವರ್ ಕೂಗಿದ.

ಹದಿನೇಳು! ಅವಳೇ ಕೊನೆಯವಳು. ಮೈಲೇನ್ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು.

"ಏನಮ್ಮಾ, ಆ ಹುಡುಗನಿಗೆ ಒಂದು ಮಾತೂ ಹೇಳದೆ ಹೊರಟೆಯಲ್ಲ?" ಹಿಂದಿನಿಂದ ಓರ್ತೆನ್ಸಿಯಾ ಟೀಚರ್ ಕೇಳಿದರು.

"ಯಾವ ಹುಡುಗ? ಬರೋದೇ ಇಲ್ಲ ಅಂದವನಿಗೆ ನಾನೇನು ಹೇಳ್ಲಿ?"

"ಅಯ್ಯೋ ಪೆದ್ದೀ! ನನಗೂ ಈಗ ತಾನೇ ಗೊತ್ತಾಯ್ತು. ನಾಲ್ಕು ದಿನದಿಂದ ಪಶ್ಚಿಮದ ಹಾಲ್‌ನಲ್ಲಿ ನಿಂತಿದ್ದಾನೆ. ಅಲ್ಲೂ ಏಳಕ್ಕೇ ಹಾಜರಿ. ಒಬ್ಬನೇ ಮನುಷ್ಯ ಎರಡೂ ಕಡೆ ಹೇಗೆ 'ಇದ್ದೀನಿ' ಅಂತಾನೆ?"

"ಅವನಿಗೆ... ಪಶ್ಚಿಮದಲ್ಲಿ ಏನು ಕೆಲಸ?"

"ಅವನಿಗೇನೂ ಇಲ್ಲ. ನಿನ್ನ ಹೆಸರು ಕೂಗಿದಾಗ 'ಇದ್ದಾಳೆ' ಅಂತಿದ್ದಾನೆ!"

ಮೈಲೇನ್ ಪಶ್ಚಿಮದ ಹಾಲ್ ಕಡೆ ತಿರುಗಿ ನೋಡಿದಳು.

'ಭಾನುವಾರ, ಪಿನಾರ್. ಹೇಗೋ ಆಗುತ್ತೆ...' ಆ 'ಹೇಗೋ' ಇದೇನಾ? ಇವಳು ಬೆಟ್ಟ ಹತ್ತುವಾಗ ಅವನು ಇಲ್ಲಿ ಇವಳ ಹೆಸರು ಹಿಡಿದು ನಿಂತಿರುವುದು! ಊರ ಗಡಿ ದಾಟದ ಆ ಕಾಲುಗಳು ಮತ್ತೆ ಇಲ್ಲೇ ಉಳಿಯುವುದು! ಹೇಳಲು ಬಂದವನ ಮುಖಕ್ಕೆ ಬಾಗಿಲು ಹಾಕಿದ್ದು ಅವಳೇ ಅಲ್ಲವೇ?

ಡ್ರೈವರ್ ಹಾರ್ನ್ ಒತ್ತಿದ. "ಹತ್ತುತ್ತೀಯೋ ಇಲ್ವೋ?"

ಈ ಬಸ್ಸು ಬಿಟ್ಟರೆ ಮತ್ತೊಂದು ಗುರುವಾರ. ಗುರುವಾರ ಹೊರಟರೆ ಬರಾಕೋವಾ ಮುಗಿದ ಹಾಗೇ. ಅಪ್ಪ ಮಾತು ಕೊಟ್ಟ ಬರಾಕೋವಾ... ಹದಿನೈದು ವರ್ಷ ಕಾದ ಬರಾಕೋವಾ...

ಅವಳು ಕಾಲನ್ನು ಕೆಳಗಿಟ್ಟಳು. "ಹದಿನೆಂಟನ್ನ ಹೊಡೆದು ಹಾಕಿದ್ದೀರಿ. ಹತ್ತೊಂಬತ್ತನೆಯವರನ್ನ ಹತ್ತಿಸ್ಕೊಳ್ಳಿ" ಎಂದವಳೇ ಓಡಿದಳು.

*

ಪಶ್ಚಿಮದ ಹಾಲ್ ತುಂಬಿ ತುಳುಕುತ್ತಿತ್ತು. ಬೀಸಣಿಗೆ ಬೀಸುತ್ತಿದ್ದ ಹೆಂಗಸರ ನಡುವೆ, ನೆಲದ ಮೇಲೆ, ಯಾರದೋ ಚಪ್ಪಲಿಗೆ ಹೊಲಿಗೆ ಹಾಕುತ್ತ ಅವನು ಕೂತಿದ್ದ. ತಲೆ ತಗ್ಗಿಸಿಯೇ ಇದ್ದ.

ಮೈಲೇನ್‌ಗೆ ಕೂಗಬೇಕೆನಿಸಿತು, ಬೈಯಬೇಕೆನಿಸಿತು, ಕ್ಷಮೆ ಕೇಳಬೇಕೆನಿಸಿತು. ಆದರೆ ಬಾಯಿಗೆ ಬಂದದ್ದು ನಮ್ಮೂರಿನವರ ಬಾಯಿಗೆ ಬರುವ ಮಾತೇ.

"ಕೊನೆಯವರು ಯಾರು?"

ರೈದೆಲ್‌ನ ಕೈಯಲ್ಲಿದ್ದ ಸೂಜಿ ನಿಂತಿತು. ಅವನು ತಲೆ ಎತ್ತಿದ. ಮುಖ ಬಿಳಿಚಿಕೊಂಡಿತು. "ಬಸ್ಸು... ಮೈಲೇನ್, ಬಸ್ಸು ಹೋಗ್ತಿದೆ!"

"ಕೇಳಿದ್ದಕ್ಕೆ ಉತ್ತರ ಹೇಳು. ನಿನ್ನ ಮುಂದೆ ಯಾರು?"

"ನನ್ನ ಮುಂದೆ... ನೀನು. ನಾಲ್ಕು ನೀನು. ಐದು ನಾನು."

ಅವಳು ದಂಗಾದಳು. "ಐದು... ನೀನಾ? ಪಿನಾರ್‌ನಲ್ಲಿ ನಿನಗೇನು ಕೆಲಸ?"

"ಅಲ್ಲಿ ಜನ ಬರಿಗಾಲಲ್ಲಿ ಓಡಾಡ್ತಾರಾ?" ಅವನು ನಗಲು ನೋಡಿದ, ಆಗಲಿಲ್ಲ. "ನೀನು ಬರಾಕೋವಾ ನೋಡಿ ಬಂದ್ಮೇಲೆ ಕೇಳೋಣ ಅಂತಿದ್ದೆ. ಬೇಡ ಅಂದಿದ್ರೆ ಐದನ್ನ ಯಾರಿಗಾದ್ರೂ ಬಿಟ್ಟುಕೊಡ್ತಿದ್ದೆ. ನಾಲ್ಕು ಮಾತ್ರ ನಿಂದೇ ಇರ್ತಿತ್ತು."

ಕೆನ್ನೆಯ ಮೇಲೆ ಇಳಿದದ್ದನ್ನು ಅವಳು ಒರೆಸಿಕೊಳ್ಳಲೂ ಇಲ್ಲ. "ನನ್ನ ಪರವಾಗಿ ಯಾರೂ ಯೋಚನೆ ಮಾಡೋದು ಬೇಡ ಅಂದಿದ್ದೆ, ಅಲ್ವಾ?"

"ತಪ್ಪಾಯ್ತು."

"ತಪ್ಪು ನಂದು. ನಿನ್ನ ಮಾತು ಮುಗಿಸೋಕೆ ಬಿಡಲಿಲ್ಲ. ನನಗೋಸ್ಕರ ಒಬ್ಬರು ಕಾಯ್ತಾರೆ ಅಂತ... ನನಗೆ ಗೊತ್ತೇ ಇರಲಿಲ್ಲ, ರೈದೆಲ್."

ಬೀಸಣಿಗೆಗಳೆಲ್ಲ ಅಲ್ಲಲ್ಲೇ ನಿಂತಿದ್ದವು.

ಅಷ್ಟರಲ್ಲಿ ಏದುಸಿರು ಬಿಡುತ್ತ ಓರ್ತೆನ್ಸಿಯಾ ಟೀಚರ್ ಬಂದರು. ನೇರವಾಗಿ ಪಶ್ಚಿಮದ ಪಟ್ಟಿ ಹಿಡಿದಿದ್ದ ಗಡ್ಡದವನ ಎದುರು ನಿಂತರು.

"ನೀನು ನನ್ನ ಮೂರನೇ ಕ್ಲಾಸಿನವನಲ್ವೇನೋ? ಗಡ್ಡ ಬಂದಿದೆ, ಕೈಬರಹ ಸುಧಾರಿಸಿಲ್ಲ. ಕೇಳು. ನಾಳೆಯಿಂದ ಪೂರ್ವದ ಹಾಜರಿ ಆರೂವರೆಗೇ ಮುಗಿಸ್ತೀನಿ. ಇಲ್ಲಿ ನಾಲ್ಕು, ಐದು ಅಂತ ಕೂಗಿದಾಗ 'ಇದ್ದೀನಿ' ಅನ್ನೋಳು ನಾನು."

"ಟೀಚರ್, ಇಲ್ಲಿರೋ ಜನ ಒಪ್ಬೇಕು..."

ಹಾಲ್‌ನಲ್ಲಿ ಗುಜುಗುಜು. ಆರನೇ ನಂಬರಿನ ದಪ್ಪ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ಎದ್ದಳು. ಎಲ್ಲರಿಗಿಂತ ಹೆಚ್ಚು ನಷ್ಟ ಅವಳಿಗೇ. ಇವರಿಬ್ಬರ ಹೆಸರು ಹೋದರೆ ಅವಳು ನಾಲ್ಕಕ್ಕೆ ಏರುತ್ತಿದ್ದಳು!

ಆ ಹೆಂಗಸು ಮೈಲೇನ್‌ಳನ್ನೂ, ರೈದೆಲ್‌ನನ್ನೂ, ಹಸಿರು ಚೀಲವನ್ನೂ ಒಂದೊಂದಾಗಿ ನೋಡಿದಳು.

"ಬರಾಕೋವಾದಿಂದ ನನಗೆ ತೆಂಗಿನಕಾಯಿ ಮಿಠಾಯಿ ತರ್ಬೇಕು. ಎಲೆ ಪೊಟ್ಟಣದ್ದು. ಎರಡು!"

"ನನಗೂ!" "ನನಗೊಂದು!" ಹಾಲ್ ತುಂಬಾ ಕೈಗಳೆದ್ದವು.

*

ಒಂದು ಗಂಟೆಯ ನಂತರ ಇಬ್ಬರೂ ಊರಾಚೆಯ ಹೆದ್ದಾರಿಯಲ್ಲಿದ್ದರು. ಹಳದಿ ಅಂಗಿಯ ಅಧಿಕಾರಿಣಿ ಪೂರ್ವಕ್ಕೆ ಹೋಗುವ ಲಾರಿಗಳನ್ನು ನಿಲ್ಲಿಸಿ, ಕಾದವರನ್ನು ಸರದಿಯಂತೆ ಹತ್ತಿಸುತ್ತಿದ್ದಳು. ಬಿಸಿಲು ನೆತ್ತಿ ಸುಡುತ್ತಿತ್ತು.

"ಲೆಕ್ಕ ಹಾಕಿದ್ರೆ ಒಂದು ದಿನ ಕಡಿಮೆ ಆಗುತ್ತೆ. ಬೆಟ್ಟ ಹತ್ತೋದಕ್ಕೆ ಆಗಲ್ವೇನೋ..." ಎಂದ ಅವನು.

ಮೈಲೇನ್ ಹಾಳೆ ತೆಗೆದು 'ಯೂಂಕೆ ಬೆಟ್ಟ' ಎಂಬುದನ್ನು ಹೊಡೆದು ಹಾಕಿದಳು. ಆಮೇಲೆ ಕೊನೆಯ ಸಾಲಿಗೆ ಬಂದು, 'ಹೇಗೋ ಆಗುತ್ತೆ' ಎಂಬುದನ್ನೂ ಹೊಡೆದು ಹಾಕಿದಳು.

"ಅಲ್ಲಿ ಏನಂತ ಬರೀತೀಯಾ?"

"ನೀನೇ ಹೇಳು."

"ಮೈಲೇನ್... ನೀನು ಅಂದ್ರೆ ನನಗೆ ಪ್ರಾಣ. ಆ ಮೊದಲ ದಿನ, ಕಾಫಿ ಆರಿತಲ್ಲ, ಆಗಿನಿಂದ."

ಲಾರಿಯೊಂದು ಬಂದು ನಿಂತಿತು. ಹಳದಿ ಅಂಗಿಯವಳು ಕೂಗಿದಳು, "ಮುಂದಿನವರು! ಎಷ್ಟು ಜನ?"

"ಇಬ್ಬರು!" ಮೈಲೇನ್ ಅವನ ಕೈ ಹಿಡಿದು ಮೇಲೆ ಹತ್ತಿದಳು. ಲಾರಿಯ ಹಿಂಬದಿಯಲ್ಲಿ ಚೀಲಗಳ ಮೇಲೆ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತರು. ಊರು ಹಿಂದೆ ಸರಿಯತೊಡಗಿತು. ಲಾರಿಯ ಆ ವಾಸನೆ ಅಪ್ಪನ ಅಂಗಿಯದೇ ವಾಸನೆಯಾಗಿತ್ತು. ಅವಳು ಕಣ್ಣು ಮುಚ್ಚಿದಳು.

"ರೈದೆಲ್."

"ಇದ್ದೀನಿ."

"ಸುಮ್ನೆ ಕರೆದೆ."

"ಸುಮ್ನೆ ಕರೆದ್ರೂ ಇದ್ದೀನಿ."