ಹೊಂಬಾಳೆ ಬರೆದ ಜೀವದಾರಿ

ಏಳು ಬೆಟ್ಟದಾಚೆ ತುಂಬೆನಾಡು ಎಂಬ ರಾಜ್ಯವಿದ್ದ ಕಾಲದಲ್ಲಿ ಹೊಂಬಾಳೆ ಎಂಬ ಹುಡುಗಿಯ ಮದುವೆ ನಿಂತುಹೋಯಿತು. ವರ ಒಲ್ಲೆ ಅಂದದ್ದಕ್ಕಲ್ಲ. ಉಗ್ರಜಟನೆಂಬ ಮಾಂತ್ರಿಕ ತಾಳಿ ಕಟ್ಟುವ ಮೊದಲೇ ಎಲೆ ಹಾಕಿಸಿಕೊಂಡು ಕೂತ. ಎರಡನೇ ಸಲ ತುಪ್ಪ ಬಡಿಸಲಿಲ್ಲವೆಂದು ಮುನಿದ. ಚಪ್ಪರದಲ್ಲಿದ್ದ ನೂರೊಂದು ಜನರ ಉಸಿರು ಕಿತ್ತು, ಎಲ್ಲರನ್ನೂ ಕಲ್ಲು ಮಾಡಿದ. ಗಂಗೆ ತರಲು ಬಾವಿಗೆ ಹೋಗಿದ್ದ ಹೊಂಬಾಳೆ ಒಬ್ಬಳೇ ಉಳಿದಳು.

"ಮೂರನೆಯ ಸಂಜೆ ದಾಟಿದರೆ ಕಲ್ಲು ಕಲ್ಲೇ!" ಎಂದು ಅವನು ಗುಡುಗಿದ್ದು ಬಾವಿಯವರೆಗೂ ಕೇಳಿಸಿತು. ಓಡಿಬಂದು ನೋಡಿದರೆ ವರ ಚಂದ್ರಯ್ಯ ಬಾಸಿಂಗ ಕಟ್ಟಿಕೊಂಡೇ ಕಲ್ಲಾಗಿದ್ದ. ಹೊಂಬಾಳೆಗೆ ಎದೆ ಒಡೆದಂತಾಯಿತು.

ಅವಳು ಮಾಂತ್ರಿಕನ ಗುಹೆಗೆ ಓಡಿದಳು. ಅಲ್ಲಿ ಬಂಡೆಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಒಂದು ಉಡವನ್ನು ಬಿಡಿಸಿದಳು. ಉಡ ಮಾತಾಡಿತು. ಗುಹೆಯ ಏಳು ಬಾಗಿಲು ತೆರೆಯುವ ಏಳು ಮಾತು ಹೇಳಿಕೊಟ್ಟಿತು. ಒಳಗೆ ಹೆಸರು ಕೊರೆದ ಗಡಿಗೆಗಳು, ಗಡಿಗೆಗೊಂದು ಉಸಿರು. ಒಂದು ಸಲಕ್ಕೆ ಒಂದನ್ನೇ ತರಬಹುದು. ಮೊದಲು ಕೈಗೆ ಸಿಕ್ಕಿದ ತಾಯಿ ಗಿರಿಜವ್ವನ ಉಸಿರನ್ನು ತಂದು ಕಲ್ಲಿನ ಮೂಗಿಗೆ ಊದುವಷ್ಟರಲ್ಲಿ ಎರಡು ದಿನ ಕಳೆದಿತ್ತು. ಅವ್ವ ಎದ್ದಳು. ಇನ್ನೂ ನೂರು ಜನ ಕಲ್ಲು. ಉಳಿದದ್ದು ಒಂದೇ ದಿನ.

ಅವಳ ಹಿಂದೆಯೇ ಬಂದು ಬಿಸಿಲು ಕಾಯುತ್ತಿದ್ದ ಉಡ ಆಗ ಬಾಯಿಬಿಟ್ಟಿತು. "ಮಾಡಬೇಕಾದ್ದನ್ನು ಓಲೆಯಲ್ಲಿ ಬರೆದು ಹೆಸರಿಡು, ತಾಯಿ. ರೆಪ್ಪೆ ಬಡಿಯುವಷ್ಟರಲ್ಲಿ ಮಾಡಿಬರ್ತೀನಿ."

"ಮೊದಲೇ ಹೇಳೋಕೇನಾಗಿತ್ತು?"

"ನೀನು ಕೇಳಲಿಲ್ಲ. ನನಗೆ ಸ್ವಂತ ಬುದ್ಧಿ ಇಲ್ಲ. ಬರೆದಷ್ಟೇ ಮಾಡೋನು ನಾನು."

ಹೊಂಬಾಳೆ ಏಳು ಬಾಗಿಲು ದಾಟಿ ಗಿರಿಜವ್ವನ ಗಡಿಗೆ ತೆರೆದದ್ದನ್ನು ಒಂದೂ ಬಿಡದೆ ಬರೆದಳು. ಓಲೆಗೆ 'ಜೀವದಾರಿ' ಎಂದು ಹೆಸರಿಟ್ಟು ಕಾದಳು. ಉಡ ಕಣ್ಣು ಮುಚ್ಚಿ ಮಲಗಿತ್ತು.

"ಹೋಗಲ್ವೇನೋ?"

"ಬರೆದರೆ ಸಾಕಾ? ಹೆಸರು ಹಿಡಿದು ಕರೀಬೇಡ್ವಾ?"

"ಜೀವದಾರಿ!" ಎಂದಳು. ಉಡ ಹೋಯಿತು, ಬರಿಗೈಲಿ ಬಂತು. ಮತ್ತೆ ಕರೆದಳು, ಮತ್ತೆ ಬರಿಗೈ. ಹತ್ತು ಸಲವೂ ಅದೇ ಪಾಡು.

ಗಿರಿಜವ್ವ ಓಲೆ ಕಸಿದು ನೋಡಿದಳು. "ಅಯ್ಯೋ ಪೆದ್ದೇ, ಇದರಲ್ಲಿ ನನ್ನ ಹೆಸರೇ ಇದೆ! ನಾನಿಲ್ಲೇ ಕೂತಿದ್ದೀನಿ, ಖಾಲಿ ಗಡಿಗೆ ಎಷ್ಟು ಸಲ ತೆಗೀತದೆ ಪಾಪ? ಹೆಸರಿನ ಜಾಗ ಬರಿದು ಬಿಡು, ಕರೆಯೋವಾಗ ಯಾರು ಬೇಕೋ ಅವರ ಹೆಸರು ಕೊಡು."

ಹೊಂಬಾಳೆ ಹೆಸರು ಕೆರೆದು ತೆಗೆದಳು. "ಜೀವದಾರಿ, ನಂಜಯ್ಯ!" ಎಂದು ಸೋದರಮಾವನ ಹೆಸರು ಹೇಳಿದಳು. ಉಡ ಹೋಗಿಬಂತು. ಕೈ ಮತ್ತೆ ಖಾಲಿ.

"ಗಡಿಗೆ ತೆಗೆದೆ. ಉಸಿರು ಅಲ್ಲೇ ಸುತ್ತುತ್ತಾ ಇದೆ. ತಂದುಕೊಡು ಅಂತ ಎಲ್ಲಿ ಬರೆದಿದ್ದೀ?"

ಅವಳು ಹಣೆ ಚಚ್ಚಿಕೊಂಡು, ಕೊನೆಗೆ ಒಂದು ಸಾಲು ಸೇರಿಸಿದಳು: ಸಿಕ್ಕಿದ ಉಸಿರನ್ನು ನನ್ನ ಅಂಗೈಗೆ ತಂದುಕೊಡು. ಮತ್ತೆ ಕರೆದಳು. ಅಂಗೈಯಲ್ಲಿ ಬೆಚ್ಚನೆಯ ಉಸಿರು ಬಂದು ಕೂತಿತು! ಮಾವ ಸೀನಿ ಎದ್ದ. ಆಮೇಲೆ ಹೆಸರಿನ ಮೇಲೆ ಹೆಸರು, ಕರೆಯ ಮೇಲೆ ಕರೆ. ಅತ್ತೆ ಎದ್ದಳು, ಪುರೋಹಿತರು ಎದ್ದರು, ಓಲಗದವರು ಎದ್ದರು. ತೊಂಬತ್ತೊಂಬತ್ತು ಜನ ಎದ್ದರು.

ಉಳಿದವನು ಚಂದ್ರಯ್ಯ. ಸೂರ್ಯ ಬೆಟ್ಟದ ಅಂಚಿಗೆ ಇಳಿದಿದ್ದ. ಅಷ್ಟರಲ್ಲಿ ಉಗ್ರಜಟ ದಂಡ ಎತ್ತಿಕೊಂಡು ಬಂದೇಬಿಟ್ಟ.

"ಕಳ್ಳ ತನ್ನ ಉಸಿರನ್ನೂ ಆ ಗುಹೆಯಲ್ಲೇ ಗಡಿಗೆಯಲ್ಲಿ ಬಚ್ಚಿಟ್ಟಿರ್ತಾನೆ. ಅವನ ಹೆಸರೂ ಕೊಟ್ಟು ನೋಡೇ!" ಎಂದು ಗಿರಿಜವ್ವ ಕೂಗಿದಳು.

"ಜೀವದಾರಿ, ಉಗ್ರಜಟ!"

ಎತ್ತಿದ ದಂಡ ಎತ್ತಿದ್ದಲ್ಲೇ ನಿಂತಿತು. ಮಾಂತ್ರಿಕ ಕಲ್ಲಾದ. ಅಂಗೈಗೆ ಬಂದ ಅವನ ಉಸಿರನ್ನು ಅವ್ವ ಹೊಸ ಗಡಿಗೆಗೆ ಹಾಕಿ ಬಾಯಿ ಬಿಗಿದಳು.

"ಜೀವದಾರಿ, ಚಂದ್ರಯ್ಯ!" ಎಂದು ಹೊಂಬಾಳೆ ಕರೆದಳು. ಉಸಿರು ಬಂತು. ಅವಳು ಊದಿದಳು. ಚಂದ್ರಯ್ಯ ಕಣ್ಣುಬಿಟ್ಟು, ಮುಳುಗುತ್ತಿದ್ದ ಸೂರ್ಯನನ್ನು ಕಂಡು ಗಾಬರಿಯಾದ.

"ಅಯ್ಯೋ, ಮುಹೂರ್ತ ಮೀರಿಹೋಯ್ತಾ?"

"ಮೀರಿದ್ರೆ ಮೀರ್ಲಿ. ನೀವು ಬಂದ್ರಲ್ಲ!" ಎಂದು ಹೊಂಬಾಳೆ ಅಲ್ಲೇ ಕುಸಿದು ಕೂತು, ನಕ್ಕು, ಅತ್ತು ಹಗುರಾದಳು. ದೀಪ ಹಚ್ಚುವ ಹೊತ್ತಿಗೆ ಕೊರಳಿಗೆ ತಾಳಿ ಬಿತ್ತು. ನೂರು ಕಾಲ ಅವರು ಸುಖವಾಗಿ ಬಾಳಿದರು, ಉಸಿರು ಮರಳಿದವರೆಲ್ಲ ನೆಮ್ಮದಿಯಾಗಿ ಉಸಿರಾಡಿದರು.