ಐದರಿಂದ ಶುರುವಾದ ಚೀಟಿ

ಮಹಾಲಕ್ಷ್ಮೀ ಬಾಗಿಲಲ್ಲಿ ನಿಂತಾಗ ಪುಷ್ಪಮ್ಮ ಮೊದಲು ನೋಡಿದ್ದು ಅವಳ ಕಾಲನ್ನು. ಕಿತ್ತುಹೋದ ಒಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಿಂದ ನಡೆದುಬಂದಿದ್ದಳು. ಮೂವತ್ತು ವರ್ಷ ದಾದಿಯಾಗಿದ್ದ ಪುಷ್ಪಮ್ಮನಿಗೆ ಆ ಮುಖದ ಪರಿಚಯವಿತ್ತು: ಅತ್ತು ಮುಗಿದು, ಮುಂದೇನೆಂದು ತೋಚದ ಮುಖ.

"ಅಕ್ಕೋರು ಇದಾರಾ?"

ಅಕ್ಕೋರು ಎಂದರೆ ಜಲಜಮ್ಮ, ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು. ಊರಲ್ಲಿ ಕಳವಾದದ್ದು, ಯಾರೋ ಮುಚ್ಚಿಟ್ಟದ್ದು ಎಲ್ಲ ಕೊನೆಗೆ ಅವರ ಜಗಲಿಗೇ ಬರುತ್ತಿತ್ತು. ಪಕ್ಕದ ಮನೆಯ ಪುಷ್ಪಮ್ಮ ಹಗಲೆಲ್ಲ ಅಲ್ಲೇ; ಅವರು ಹೊರಟರೆ ಚೀಲ ಹಿಡಿದು ಜೊತೆಗೆ ಹೊರಡುವುದು ವಾಡಿಕೆ.

ಮಹಾಲಕ್ಷ್ಮೀ ಅವರ ಹಳೆಯ ವಿದ್ಯಾರ್ಥಿನಿ. ಹೊಸನಗರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಆ ವರ್ಷ, ಎಪ್ಪತ್ತೆಂಟರ ಜೂನ್‌ನಲ್ಲಿ, ತಾತ್ಕಾಲಿಕ ಶಿಕ್ಷಕಿಯಾಗಿ ಸೇರಿದ್ದಳು. ಈಗ ಜನವರಿ. ಹಿಂದಿನ ದಿನ, ಬುಧವಾರ, ಹತ್ತನೆಯ ತರಗತಿಯ ಇಂಗ್ಲಿಷ್ ಪರೀಕ್ಷೆಯಲ್ಲಿ ಮೂವರ ಹತ್ತಿರ ಉತ್ತರದ ಚೀಟಿ ಸಿಕ್ಕಿತ್ತು. ಕೊಟ್ಟವರು ಯಾರೆಂದು ಮೂವರೂ ಬಾಯಿ ಬಿಡಲಿಲ್ಲ. ಪ್ರಶ್ನೆಪತ್ರಿಕೆ ಸಿದ್ಧಪಡಿಸಿದವಳು ಮಹಾಲಕ್ಷ್ಮೀ.

"ಹೆಡ್ ಮಾಸ್ಟ್ರು ಬೆಳಿಗ್ಗೆ ಪ್ರಾರ್ಥನೇಲಿ ಎಲ್ಲರೆದುರೇ ನನ್ನ ಹೆಸ್ರು ಹೇಳಿದ್ರು ಅಕ್ಕೋರೇ. ಸಾಗರದ ಶಿಕ್ಷಣ ಇಲಾಖೆ ಕಚೇರಿಗೆ ವರದಿ ಬರ್ದಾಗಿದೆ. ನಾಲ್ಕು ಗಂಟೆ ಬಸ್ಸಿಗೆ ಹೋಗುತ್ತೆ. ಅದು ಹೋದ್ರೆ ಇನ್ನು ಯಾವ ಶಾಲೇಲೂ ನಂಗೆ ಪಾಠ ಹೇಳೋಕೆ ಬಿಡಲ್ಲ."

ಜಲಜಮ್ಮ ಗಡಿಯಾರ ನೋಡಿದರು. ಹನ್ನೊಂದೂವರೆ. "ಪುಷ್ಪಾ, ಚೀಲ ತಗೋ."

ಬಸ್ಸಿನಲ್ಲಿ ಪುಷ್ಪಮ್ಮ ಕೇಳಿದರು: "ಎಂತ ಪ್ರಶ್ನೆ ಅದು?"

"ವ್ಯಾಕರಣದ ಹಾಳೆ. ಹತ್ತು ವಾಕ್ಯ. ಕ್ಯಾನ್, ಮೇ, ಶುಡ್, ಮಸ್ಟ್, ಯಾವುದು ಎಲ್ಲಿಗೆ ಅಂತ ತುಂಬಬೇಕು."

"ಎಲ್ಲ ಒಂದೇ ಅಲ್ವನೇ ಮಾರಾಯ್ತಿ?"

ಮಹಾಲಕ್ಷ್ಮೀ ಅಷ್ಟು ಸಂಕಟದಲ್ಲೂ ತಿರುಗಿ ಕೂತಳು. "ಇಲ್ಲ ಪುಷ್ಪಮ್ಮ. ಹೊಳೆಬಾಗಿಲಲ್ಲಿ ಹಿನ್ನೀರು ದಾಟಿಸೋ ಲಾಂಚ್ ಇದೆಯಲ್ಲ, ಅದು ಅಷ್ಟು ಜನರನ್ನ ಹೊತ್ಕೊಂಡು ದಾಟೋ ಶಕ್ತಿ ಕ್ಯಾನ್. ಹತ್ತಿ ಅಂತ ಅಲ್ಲಿಯವರು ಒಪ್ಪಿಗೆ ಕೊಟ್ರೆ ಮೇ. ಮಕ್ಕಳನ್ನ ನಡುವೆ ಕೂರಿಸಿದ್ರೆ ಒಳ್ಳೇದು ಅನ್ನೋ ಬುದ್ಧಿಮಾತು ಶುಡ್. ನಿಂತ ಮೇಲೇ ಇಳೀಬೇಕು, ಬೇರೆ ದಾರೀನೇ ಇಲ್ಲ ಅಂದ್ರೆ ಮಸ್ಟ್."

"ಅಯ್ಯೋ, ನಂಗೆ ಯಾರೂ ಹಿಂಗೆ ಹೇಳ್ಕೊಡ್ಲೇ ಇಲ್ಲ!"

ಜಲಜಮ್ಮ ಕಿಟಕಿಯಾಚೆ ನೋಡುತ್ತಲೇ ಹೇಳಿದರು: "ಇವತ್ತಿನ ಕೆಲಸಕ್ಕೂ ಅದೇ ಬೇಕು. ಯಾರ ಕೈಲಿ ಆಗ್ತಿತ್ತು? ಯಾರು ಮಾಡಿರಬಹುದು? ಯಾರು ಮಾಡಿರಲೇಬೇಕು? ನಿಮ್ಮ ಹೆಡ್ ಮಾಸ್ಟ್ರು ಮೊದಲನೇದ್ರಲ್ಲೇ ನಿಂತುಬಿಟ್ಟಿದಾರೆ."

ಹೆಡ್ ಮಾಸ್ಟರ್ ಮಂಜಯ್ಯ ಕೆಟ್ಟವರಲ್ಲ, ಹೆದರಿದವರು. ಇವರು ಶಾಲೆ ತಲುಪಿದಾಗ ಅಂಟಿಸಿದ ವರದಿಯ ಲಕೋಟೆ ಮೇಜಿನ ಮೇಲಿತ್ತು. ಜಲಜಮ್ಮನ ಹಳೆಯ ಪರಿಚಯಕ್ಕೆ ಬೆಲೆ ಕೊಟ್ಟು ಚೀಟಿಗಳನ್ನು ಮುಂದಿಟ್ಟರು. ಪುಷ್ಪಮ್ಮನೂ ಬಗ್ಗಿ ನೋಡಿದರು. ಮೂರರಲ್ಲೂ ಐದರಿಂದ ಹತ್ತರವರೆಗೆ ಸರಿಯುತ್ತರ. ಒಂದರಿಂದ ನಾಲ್ಕು ಯಾವುದರಲ್ಲೂ ಇಲ್ಲ.

"ಮೊದಲ ನಾಲ್ಕು ಸುಲಭ ಇರ್ಬೇಕು, ಬರ್ಕೊಂಡಿಲ್ಲ," ಎಂದರು ಮಂಜಯ್ಯ.

"ಮಕ್ಕಳ ಉತ್ತರಪತ್ರಿಕೆ ಕೊಡಿ."

ಮೂವರೂ ಮೊದಲ ನಾಲ್ಕನ್ನು ತಪ್ಪು ಮಾಡಿದ್ದರು. ಜಲಜಮ್ಮ ಚೀಟಿಗಳನ್ನು ಉತ್ತರಪತ್ರಿಕೆಗಳ ಪಕ್ಕಕ್ಕೆ ಜೋಡಿಸಿಟ್ಟರು.

ಪಕ್ಕದಲ್ಲಿ ವಿಜ್ಞಾನದ ಮಾಸ್ಟರ್ ವಾಸಪ್ಪ ನಿಂತಿದ್ದರು. ಮಹಾಲಕ್ಷ್ಮೀ ಬರುವ ಮೊದಲು ಇಂಗ್ಲಿಷನ್ನೂ ಅವರೇ ಹೇಳುತ್ತಿದ್ದರು. "ನಾನಿದ್ದಾಗ ಇಂಥ ಗತಿ ಬಂದಿರ್ಲಿಲ್ಲ ನೋಡಿ," ಎಂದರು.

ಟೈಪ್ ಮಾಡುವವನೂ, ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರ ತಿರುಗಿಸುವವನೂ ಗುಮಾಸ್ತ ಸುಬ್ಬಪ್ಪನೇ. ಕೈ ಮುಗಿದು ಒಪ್ಪಿಸಿದ: "ಸೋಮವಾರ ಮಧ್ಯಾಹ್ನ ಮಿಸ್ ಎದುರಿಗೇ ಸ್ಟೆನ್ಸಿಲ್ ಹಾಳೇಲಿ ಟೈಪ್ ಹೊಡ್ದೆ. ಪ್ರತಿ ತೆಗ್ದು ಹೆಡ್ ಮಾಸ್ಟ್ರು ಅರಗಿನ ಮುದ್ರೆ ಹಾಕಿದ್ರು. ಕೈಬರಹ, ಸ್ಟೆನ್ಸಿಲ್, ತಪ್ಪು ನೋಡೋಕೆ ಅಡಿಗಿಟ್ಟ ಬಿಳೀ ಹಾಳೆ, ಎಲ್ಲ ಸುಟ್ವಿ. ಮುದ್ರೆ ಒಡೆದಿದ್ದು ಬುಧವಾರವೇ."

"ಬಿಳೀ ಹಾಳೆ ಮೇಲೆ ಅಕ್ಷರ ಮೂಡೋಕೆ ಕಾರ್ಬನ್ ಇಟ್ಟಿದ್ರಲ್ಲ, ಅದು?"

ಸುಬ್ಬಪ್ಪನಿಗೆ ಆಶ್ಚರ್ಯವಾಯಿತು. "ಕಾರ್ಬನ್ ಯಾರಾದ್ರೂ ಸುಡ್ತಾರೇನಮ್ಮ? ಒಂದೇ ಸಲ ಹೊಡ್ದ ಹೊಸಾ ಕಾರ್ಬನ್! ಯಾವಾಗ್ಲೂ ಮಾಡೋ ಹಂಗೆ ಬ್ಲೇಡಲ್ಲಿ ಅಡ್ಡಕ್ಕೆ ಎರಡು ಮಾಡ್ದೆ. ಹೆಡ್ ಮಾಸ್ಟ್ರ ರಜೆ ಚೀಟಿ ಪುಸ್ತಕಕ್ಕೆ ಅರ್ಧ, ವಾಸಪ್ಪ ಮಾಸ್ಟ್ರ ಪ್ರಯೋಗಶಾಲೆ ಸಾಮಾನಿನ ಪುಸ್ತಕಕ್ಕೆ ಅರ್ಧ."

ಮೂರು ಇಪ್ಪತ್ತು. ಜಲಜಮ್ಮ ಎಲ್ಲರನ್ನೂ ಸ್ಟಾಫ್ ರೂಮಿಗೆ ಕರೆಸಿದರು. "ಎರಡೂ ಪುಸ್ತಕ ತನ್ನಿ."

ಮಂಜಯ್ಯನವರ ಪುಸ್ತಕದ ಕಾರ್ಬನ್ನನ್ನು ಕಿಟಕಿಗೆ ಹಿಡಿದರು. ನೀಲಿಯೊಳಗೆ ಬಿಳಿ ಅಕ್ಷರಗಳು ಎದ್ದುಬಂದವು. ಮೇಲೆ ಶಾಲೆಯ ಹೆಸರು, ಸೂಚನೆ, ಆಮೇಲೆ ವಾಕ್ಯಗಳು. ಮಂಜಯ್ಯ ಎದ್ದು ಹತ್ತಿರ ಬಂದರು.

"ನನ್ನ ಹತ್ರ... ನನ್ನ ಪುಸ್ತಕದಲ್ಲೇ ಇತ್ತಾ ಇದು?"

"ಇತ್ತು. ಆದ್ರೆ ನಾಲ್ಕನೇ ವಾಕ್ಯಕ್ಕೆ ಮುಗೀತು," ಎಂದು ಜಲಜಮ್ಮ ಇನ್ನೊಂದು ಪುಸ್ತಕಕ್ಕೆ ಕೈಚಾಚಿದರು.

ವಾಸಪ್ಪನವರ ಪುಸ್ತಕದಲ್ಲಿದ್ದದ್ದು ಒಂದು ಅಕ್ಷರವೂ ಬೀಳದ ಹೊಚ್ಚಹೊಸ ಕಾರ್ಬನ್. "ಹಳೇದು ಹರ್ದೋಯ್ತು, ಎಸ್ದೆ," ಎಂದರು.

ಪುಷ್ಪಮ್ಮನಿಗೆ ಮುಗಿಯಿತು ಅನ್ನಿಸಿತು. ಮಹಾಲಕ್ಷ್ಮೀ ಲಕೋಟೆಯನ್ನೇ ನೋಡುತ್ತಿದ್ದಳು.

ಜಲಜಮ್ಮ ಪುಟ ಹಿಂದಕ್ಕೆ ತಿರುವಿ ಸೋಮವಾರದ ನಕಲು ಪ್ರತಿಯಲ್ಲಿ ನಿಂತರು. ಸಾಮಾನಿನ ಪಟ್ಟಿಯಲ್ಲಿ ತಪ್ಪಾದ ಒಂದು ಸಾಲನ್ನು ವಾಸಪ್ಪ ಗೀಚಿ ಗೀಚಿ ಹೊಡೆದುಹಾಕಿದ್ದರು. "ಪುಷ್ಪಾ, ನಿನ್ನ ಕಣ್ಣು ಚುರುಕು. ನೋಡು."

ಪುಷ್ಪಮ್ಮ ಕನ್ನಡಕ ಏರಿಸಿದರು. ಕಾರ್ಬನ್ನಿನಲ್ಲಿ ಟೈಪಿನ ಅಚ್ಚು ಬಿದ್ದು ಮಸಿ ಹೋದ ಜಾಗ ಮತ್ತೆ ಮಸಿ ಬಿಡದು. ಗೀಚಿದ ನೀಲಿಯ ನಡುವೆ ಸಣ್ಣ ಇಂಗ್ಲಿಷ್ ಅಕ್ಷರಗಳು ಬೆಳ್ಳಗೆ ಉಳಿದಿದ್ದವು. ಅವರು ಒಂದೊಂದೇ ಕೂಡಿಸಿ ಓದಿದರು: "ಎಂಟು... ದಿ... ಲಾಂಚ್..."

"ನನ್ನ ಎಂಟನೇ ವಾಕ್ಯ," ಎಂದಳು ಮಹಾಲಕ್ಷ್ಮೀ.

ಜಲಜಮ್ಮ ಕುರ್ಚಿ ಎಳೆದು ಕೂತರು. "ಈಗ ಕೇಳಿ. ಕದಿಯೋ ಅವಕಾಶ ಮೂವರಿಗೂ ಇತ್ತು: ಬರೆದವಳಿಗೆ, ಟೈಪ್ ಮಾಡಿದವನಿಗೆ, ಮುದ್ರೆ ಹಾಕಿದವರಿಗೆ. ಆದ್ರೆ ಅವರೆಲ್ಲ ಹತ್ತೂ ವಾಕ್ಯ ನೋಡಿದೋರು. ಚೀಟಿ ಕೊಡೋದಾದ್ರೆ ಒಂದರಿಂದ ಶುರು ಮಾಡ್ತಿದ್ರು. ಸುಲಭ ಅಂತ ಬಿಟ್ಟಿದ್ದಲ್ಲ, ಮಕ್ಕಳು ಅವನ್ನೇ ತಪ್ಪು ಮಾಡಿದಾರೆ. ಹಾಗಾದ್ರೆ ಚೀಟಿ ಬರೆಸಿದೋರಿಗೆ ಮೊದಲ ನಾಲ್ಕು ಗೊತ್ತೇ ಇರ್ಲಿಲ್ಲ. ಕೆಳಗಿನ ಅರ್ಧ ಮಾತ್ರ ನೋಡಿದ ಮನುಷ್ಯ ಈ ಶಾಲೇಲಿ ಒಬ್ರೇ. ವಾಸಪ್ಪನವರೇ, ಬೇರೆಯವರು ಮಾಡಿರಬಹುದು ಅನ್ನೋದಕ್ಕೆ ಇನ್ನು ಜಾಗ ಉಳಿದಿಲ್ಲ."

ವಾಸಪ್ಪ ತಮ್ಮ ಪುಸ್ತಕವನ್ನು ಮುಚ್ಚಿದರು. "ಇವಳು ಬಂದ್ಮೇಲೆ ಹುಡುಗ್ರೆಲ್ಲ ನನ್ನ ಮನೆಪಾಠ ಬಿಟ್ರು. ಉಳಿದಿದ್ದು ಆ ಮೂವರು. ಅವರಾದ್ರೂ ಮೇಲೆ ಬರ್ಲಿ ಅಂತ... ಇವಳ ತಲೆಗೆ ಬರುತ್ತೆ ಅಂತ ಗೊತ್ತಿರ್ಲಿಲ್ಲ."

"ಬೆಳಿಗ್ಗೆ ಪ್ರಾರ್ಥನೇಲಿ ಗೊತ್ತಾಯ್ತಲ್ಲ ಸರ್," ಎಂದಳು ಮಹಾಲಕ್ಷ್ಮೀ. "ನನ್ನ ಪಕ್ಕದಲ್ಲೇ ನಿಂತಿದ್ರಿ."

ಹೊರಗೆ ಸಾಗರದ ಬಸ್ಸು ಹಾರ್ನ್ ಮಾಡಿತು. ಮಂಜಯ್ಯ ಲಕೋಟೆಯನ್ನು ನಾಲ್ಕು ಚೂರು ಮಾಡಿದರು.

"ಆಯ್ತಮ್ಮ. ನೀನು ಕ್ಲಾಸಿಗೆ ಹೋಗಬಹುದು."

ಮಹಾಲಕ್ಷ್ಮೀ ಏಳಲಿಲ್ಲ. "ನನ್ನ ಹೆಸ್ರು ಎಲ್ಲರೆದುರು ಹೇಳಿದ್ರಿ ಸರ್. ಎಲ್ಲರೆದುರೇ ವಾಪಸ್ ತಗೊಳ್ಳಿ. ಆಮೇಲೆ ಹೋಗ್ತೀನಿ."

ಮಂಜಯ್ಯ ಜಲಜಮ್ಮನತ್ತ ನೋಡಿದರು. ಜಲಜಮ್ಮ ಕನ್ನಡಕ ಒರೆಸುತ್ತಿದ್ದರು.

ಬೆಲ್ಲು ಹೊಡೆಯಿತು. ಮಕ್ಕಳು ಮೈದಾನದಲ್ಲಿ ಸಾಲುಗಟ್ಟಿದರು. ಮಂಜಯ್ಯ ನಡೆದದ್ದನ್ನೆಲ್ಲ ಹೇಳಿದರು, ತಪ್ಪು ತನ್ನದು ಎನ್ನುವಲ್ಲಿ ಮಾತು ತಡವರಿಸಿತು. ಮಹಾಲಕ್ಷ್ಮೀ ಕಾದಳು. ಆ ಮಾತೂ ಬಂದ ಮೇಲೆ ಮುಂದೆ ಹೋಗಿ, ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದ ಮೂವರಿಗೆ ಹೇಳಿದಳು: "ನಾಳೆ ಹತ್ತು ಗಂಟೆಗೆ ಬನ್ನಿ. ಒಂದನೇ ವಾಕ್ಯದಿಂದ ಕಲಿಸ್ತೀನಿ."