ಐದು ಗಂಟೆಗೆ ಇಟ್ಟ ಮಾತು

"ನೀವು ಮನಿಗಿ ಹೋದ ಮ್ಯಾಲೂ ನಿಮ್ಮ ಧ್ವನಿ ಇಲ್ಲೇ ಇರ್ತಾದ್ರಿ," ಎಂದು ಮಹೇಶಕುಮಾರ ಮೊದಲ ದಿನ ಹೇಳಿದಾಗ ಲುಂಬಿನಿ ಗಕ್ಕನೆ ತಲೆ ಎತ್ತಿದಳು. ಅವನು ನೋಡುತ್ತಿದ್ದದ್ದು ಅವಳನ್ನಲ್ಲ, ಕಂಪ್ಯೂಟರನ್ನು. ಆದರೂ ಅವನ ಕಿವಿ ಮಾತ್ರ ಕೆಂಪಾಗಿತ್ತು.

ಸೇಡಂನ ಆ ಸಮುದಾಯ ರೇಡಿಯೋ ಅಂದರೆ ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಮೈಕು, ಇನ್ನೊಂದರಲ್ಲಿ ಮಷೀನು, ನಡುವೆ ಗಾಜು. ಲುಂಬಿನಿ ಚಿತ್ತಾಪುರದಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬಂದು ತೊಗರಿ ದರ, ಹವಾಮಾನ ಓದುವವಳು. ಅದು ಪ್ರಸಾರವಾಗುವುದು ಸಂಜೆ ಐದಕ್ಕೆ. ಅವಳ ಗಾಡಿ ಅದಕ್ಕೂ ಮೊದಲೇ ಹೊರಡುತ್ತದೆ. ಹಾಗಾಗಿ ಅವಳು ಮಧ್ಯಾಹ್ನವೇ ಓದಿಟ್ಟು ಹೋಗಬೇಕು, ಐದಕ್ಕೆ ಮಷೀನು ತಾನಾಗಿ ಹಚ್ಚಬೇಕು. ಆ ಏರ್ಪಾಡೆಲ್ಲ ಮಹೇಶನದು.

"ಇದು ಕ್ರಾನ್ ಅಂತ ನೋಡ್ರಿ. ಇದರಾಗ ಬರದಿಟ್ರ ದಿನಾ ಐದಕ್ಕ ಅದೇ ಕೆಲಸ ಮಾಡ್ತಾದ," ಎಂದು ಅವನು ತೋರಿಸಿದ. "ಇದು ಅಟ್. ಒಂದ ಸಲದ್ದು. ಹೊತ್ತು ಹೇಳಿ, ಕೆಲಸ ಹೇಳಿ, ಕೈ ತಕ್ಕೋಬೇಕು. ಆ ಹೊತ್ತಿಗಿ ಮಾಡಿ ಮುಗಸ್ತಾದ, ಆಮ್ಯಾಲ ಅದರ ಹೆಸರೇ ಇರಂಗಿಲ್ಲ."

"ಆ ಹೊತ್ತಿಗಿ ಮಷೀನ್ ಬಂದ್ ಇದ್ರ?"

"ಹೊತ್ತು ಹೋಯ್ತಂದ್ರ ಕೆಲಸಾನೂ ಹೋಯ್ತ್ರಿ."

"ನಿಮ್ಮ ಮಷೀನಿಗಿ ಕರುಣಾನೇ ಇಲ್ಲ ಬಿಡ್ರಿ," ಎಂದು ಅವಳು ನಕ್ಕಳು. ಅವನೂ ನಕ್ಕ, ತಡವಾಗಿ. ಅವನ ನಗು ಯಾವಾಗಲೂ ಒಂದು ಹೆಜ್ಜೆ ಹಿಂದೆಯೇ ಬರುತ್ತಿತ್ತು.

ಆ ಹಳೇ ಮಷೀನಿಗೆ ಇನ್ನೊಂದು ಕಾಯಿಲೆ ಇತ್ತು. ಅದರೊಳಗಿನ ಗಡಿಯಾರದ ಸೆಲ್ ಸತ್ತಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಅದು ಯಾವುದೋ ಹಳೇ ವರ್ಷಕ್ಕೆ ಹೋಗಿ ಕೂತಿರುತ್ತಿತ್ತು. ಯಾರಾದರೂ ಕೈಯಾರೆ ಇವತ್ತಿನ ತಾರೀಖು, ಹೊತ್ತು ಹಾಕಿ ಎಬ್ಬಿಸಬೇಕು. ಸೇಡಂನ ಕರೆಂಟಿನ ಹಣೆಬರಹ ಗೊತ್ತಲ್ಲ, ಆ ಕೆಲಸ ಲುಂಬಿನಿಗೂ ಬೇಗ ರೂಢಿಯಾಯಿತು.

ಗಾಜಿನ ಆಚೆ ಅವನು ಬೆರಳು ಎತ್ತುತ್ತಿದ್ದ. ಬೆರಳು ಇಳಿದರೆ ಅವಳು ಓದಲು ಶುರು ಮಾಡಬೇಕು. ಕೆಲವು ದಿನ ಬೆರಳು ಇಳಿಯುತ್ತಲೇ ಇರಲಿಲ್ಲ. ಅವಳು ಹುಬ್ಬು ಹಾರಿಸಿ "ಏನು?" ಎಂದು ಕೇಳಿದ ಮೇಲೆ ಅವನು ಗಾಬರಿಯಾಗಿ ಬೆರಳಿನ ಜೊತೆ ಕಣ್ಣನ್ನೂ ಇಳಿಸುತ್ತಿದ್ದ. ಅವಳು ಕೆಳತುಟಿ ಕಚ್ಚಿ ನಗು ನುಂಗಿ, ತೊಗರಿಯ ದರ ಓದುತ್ತಿದ್ದಳು. ಆ ದಿನಗಳಲ್ಲಿ ತೊಗರಿಯ ದರ ಬಿದ್ದದ್ದನ್ನೂ ಅವಳು ಸಿಹಿ ಸುದ್ದಿಯಂತೆ ಓದಿದಳು ಎಂದು ಕೇಳುಗರ ದೂರು ಬಂದಿತ್ತು.

"ಬಾಯಿಲೆ ಹೇಳಾಕ ಬರಲಾರದ್ದೆಲ್ಲಾ ಮಷೀನಿಗಿ ಹೇಳ್ತೀರೇನ್ರಿ ನೀವು?" ಎಂದು ಅವಳು ಒಮ್ಮೆ ಕೆಣಕಿದಳು.

"ಮಷೀನ್ ಹೊಳ್ಳಿ ಏನೂ ಕೇಳಂಗಿಲ್ಲಲ್ರಿ," ಎಂದ.

ಅವಳಿಗೆ ಎಲ್ಲ ಗೊತ್ತಿತ್ತು. ಅವನ ಅವ್ವ ಮಹಾದೇವಮ್ಮ ಬಸವಣ್ಣನ ಫೋಟೋಕ್ಕೆ ಹೂ ಏರಿಸದೆ ನೀರು ಮುಟ್ಟುವವಳಲ್ಲ. ಆ ಮನೆಗೆ ತನ್ನಂಥ ಬೌದ್ಧರ ಹುಡುಗಿ ಸೊಸೆಯಾಗಿ ಬರುವ ಮಾತೆದ್ದರೆ ಮಾತ್ರ ಹೂವು ಒಂದು ಕಡೆ, ಬಸವಣ್ಣ ಒಂದು ಕಡೆ. ಅದನ್ನು ಎದುರಿಸುವುದು ಸುಲಭವೆಂದು ಲುಂಬಿನಿ ತಿಳಿದಿರಲಿಲ್ಲ. ಆದರೆ ಎದುರಿಸುತ್ತೇನೆ ಎಂಬ ಒಂದು ಮಾತು ಅವನ ಬಾಯಿಂದ ಬೇಕಿತ್ತು. ಅದೊಂದಿದ್ದರೆ ತನ್ನ ಮನೆಯವರನ್ನು ಅವಳು ಒಪ್ಪಿಸುತ್ತಿದ್ದಳು.

ಮಳೆಗಾಲ ಮುಗಿಯುತ್ತಿದ್ದಾಗ ಶಹಾಬಾದಿನಿಂದ ಒಂದು ಸಂಬಂಧ ಬಂತು. ಲುಂಬಿನಿ ಅದನ್ನು ಮುಚ್ಚಿಡಲಿಲ್ಲ. ರೆಕಾರ್ಡಿಂಗ್ ಮುಗಿದ ಮೇಲೆ ನೇರವಾಗಿ ಅವನ ಮುಂದೆ ಹೋಗಿ ನಿಂತಳು.

"ಐತವಾರ ಮನಿಗಿ ಬರ್ಲಿಕತ್ತಾರ್ರಿ, ನನ್ನ ನೋಡಾಕ. ಅಪ್ಪ ನನ್ನ ಮನಸ್ಸಿನ್ಯಾಗ ಏನದ ಅಂತ ಕೇಳ್ಯಾರ. ನಾ ಶುಕ್ರವಾರ ಸಂಜಿಕ ಹೇಳ್ತೀನಿ ಅಂದೀನಿ."

ಅವನು ಕೀಬೋರ್ಡಿನ ಧೂಳು ಒರೆಸತೊಡಗಿದ. ಧೂಳು ಇರಲಿಲ್ಲ.

"ಶುಕ್ರವಾರ ನಾ ಗಾಡಿ ಬಿಡ್ತೀನ್ರಿ. ಐದರ ತನಾ ಇಲ್ಲೇ ಕುಂದರ್ತೀನಿ," ಎಂದಳು. ಇದಕ್ಕಿಂತ ಹೆಚ್ಚು ಹೆಣ್ಣುಮಗಳೊಬ್ಬಳು ಇನ್ನೇನು ಹೇಳಬೇಕು?

ಶುಕ್ರವಾರ ಅವಳು ಗಾಡಿ ಬಿಟ್ಟಳು. ಮೈಕಿನ ಕೋಣೆಯಲ್ಲಿ ಒಬ್ಬಳೇ ಕೂತಳು. ಮಹೇಶ ಬೆಳಗಿನಿಂದ ಮುಖ ಕೊಟ್ಟು ಮಾತಾಡಿರಲಿಲ್ಲ. ಆದರೆ ಮಧ್ಯಾಹ್ನ ಯಾವತ್ತೂ ಇಲ್ಲದೆ ಬಾಗಿಲು ಹಾಕಿಕೊಂಡು ಮೈಕಿನ ಮುಂದೆ ಏನೋ ಮಾಡಿದ್ದ. ಆಮೇಲೆ ಅವಳ ಮೇಜಿನ ಮೇಲಿನ ಸಣ್ಣ ಸ್ಪೀಕರಿನ ವೈರನ್ನು ತಾನೇ ಬಂದು ಗಟ್ಟಿಯಾಗಿ ಕೂಡಿಸಿ ಹೋಗಿದ್ದ. ಅವಳು ಸ್ಪೀಕರನ್ನು ತನ್ನ ಕಡೆ ತಿರುಗಿಸಿದಳು. ಐದು ಹತ್ತಿರ ಬಂತು. ಐದೂ ಆಯಿತು.

ಅವತ್ತು ಸೇಡಂನಲ್ಲಿ ತೊಗರಿಯ ದರ ಬರಲಿಲ್ಲ. ಏನೂ ಬರಲಿಲ್ಲ. ಸ್ಪೀಕರು ಸುಮ್ಮನಿತ್ತು.

ಮಹೇಶ ಮಷೀನಿನ ಕೋಣೆಯಿಂದ ಹೊರಗೆ ಬಂದ. ಮುಖ ಬಿಳುಚಿತ್ತು.

"ಮಷೀನ್ ಬಂದ್ ಆಯ್ತ್ರಿ," ಎಂದ.

"ಮತ್ತೇನರ ಹೇಳೋದದೇನ್ರಿ?"

"ಏನಿಲ್ರಿ." ಬಾಗಿಲ ಕಡೆ ನೋಡಿದ. "ಗಾಡಿ ಹೋಯ್ತಲ್ರಿ ನಿಮ್ದು. ಬಸ್ ಸ್ಟ್ಯಾಂಡಿನ ತನಾ ಬಿಟ್ಟು ಬರ್ಲೇನು?"

"ಬ್ಯಾಡ್ರಿ."

ಅವಳು ಚೀಲ ಎತ್ತಿಕೊಂಡು ಹೊರಟಳು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅದನ್ನು ಅವಳು ನೋಡಿದಳು, ಆದರೆ ಯೋಚಿಸಲಿಲ್ಲ. ಯೋಚಿಸುವ ಸ್ಥಿತಿಯಲ್ಲಿ ಇರಲಿಲ್ಲ.

ಭಾನುವಾರ ಶಹಾಬಾದಿನ ಅಜಯಕುಮಾರ ಬಂದ. ಕಲ್ಲು ಪಾಲಿಶ್ ಮಾಡುವ ಅಂಗಳ ನೋಡಿಕೊಳ್ಳುವವನು. ಎಷ್ಟು ತೊಳೆದರೂ ಉಗುರಿನ ಸಂದಿಯ ಬೂದು ಹುಡಿ ಹೋಗಿರಲಿಲ್ಲ. ದೊಡ್ಡವರೆಲ್ಲ ಕೂತಿರುವಾಗಲೇ ಅವಳನ್ನು ಕೇಳಿಬಿಟ್ಟ: "ನಿಮಗ ಮನಸ್ಸದೇನ್ರಿ? ಇಲ್ಲಂದ್ರ ಈಗೇ ಹೇಳ್ರಿ. ಚಹಾ ಕುಡದು ಹೋಗ್ತೀವಿ, ಸಿಟ್ಟಿಲ್ಲ." ಅಪ್ಪ ದಶರಥ ತಬ್ಬಿಬ್ಬಾದ. ಲುಂಬಿನಿಗೆ ಅಳು ಬಂತು. ಇಷ್ಟು ಸಲೀಸಾಗಿ ಕೇಳಬಹುದಾದ ಮಾತೇ ಇದು? ಅವಳು ಹೂಂ ಎಂದಳು.

ರೇಡಿಯೋಕ್ಕೆ ಹೊಸ ಮಷೀನು ಮೊದಲೇ ಬಂದಿತ್ತು. ಆ ಶುಕ್ರವಾರದ ಮರುದಿನವೇ ಮಹೇಶ ದಿನದ ಕೆಲಸವನ್ನೆಲ್ಲ ಅದರಲ್ಲಿ ಹೊಸದಾಗಿ ಬರೆದಿಟ್ಟು, ಹಳೆಯದನ್ನು ಮತ್ತೆ ಹಚ್ಚದೆಯೇ ಕಪಾಟಿನ ತಳಕ್ಕೆ ತಳ್ಳಿದ. ಸ್ವಲ್ಪ ದಿನಕ್ಕೆ ಕೆಲಸವನ್ನೂ ಬಿಟ್ಟ. ಚಿಂಚೋಳಿ ಕಡೆ, ಚಂದ್ರಂಪಳ್ಳಿ ಕೆರೆಯ ಹತ್ತಿರದ ಯಾವುದೋ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾನಂತೆ ಎಂದು ಸುದ್ದಿ ಬಂತು.

ಮದುವೆಗೆ ಮೊದಲು ಲುಂಬಿನಿಯ ಕೆಲಸದ ಕಡೆಯ ದಿನ. ಸ್ಟೇಷನ್ ನೋಡಿಕೊಳ್ಳುವ ಅಂಬರೇಶ ಒಂದು ಕೆಲಸ ಹೇಳಿದ.

"ತಂಗಿ, ಆ ಹಳೇ ಮಷೀನಿನ್ಯಾಗ ನಿಂದು ಭಾಳ ರೆಕಾರ್ಡಿಂಗ್ ಅದಾವ. ಹೊಸದಕ್ಕ ತಕ್ಕೊಂಡು ಬಿಡವ್ವ, ನೀ ಹೋದ ಮ್ಯಾಲ ನಮಗ ತಿಳ್ಯಂಗಿಲ್ಲ." ಆಮೇಲೆ ನಗುತ್ತ ಸೇರಿಸಿದ: "ಮಹೇಶಗೂ ಬೇಕಂತ. ಚಿಂಚೋಳಿದಾಗ ಕುಂತು ಮೊಬೈಲಿನ್ಯಾಗ ದಿನಾ ಐದಕ್ಕ ನಿನ್ನ ಕಾರ್ಯಕ್ರಮ ಕೇಳ್ತಾನ. ಹೊಲಾನೇ ಇಲ್ಲದಾಂವಗ ತೊಗರಿ ದರ ಯಾತಕ್ಕೋ!"

ಲುಂಬಿನಿ ಹಳೇ ಮಷೀನನ್ನು ಎತ್ತಿ ತನ್ನ ಮೇಜಿನ ಮೇಲಿಟ್ಟು, ಸ್ಪೀಕರು ಕೂಡಿಸಿ, ಹಚ್ಚಿದಳು. ಎಂದಿನಂತೆ ಅದು ಯಾವುದೋ ಹಳೇ ವರ್ಷದಲ್ಲಿ ಎಚ್ಚರವಾಯಿತು. ಎಂದಿನಂತೆ ಅವಳ ಕೈ ಇವತ್ತಿನ ತಾರೀಖು, ಹೊತ್ತು ಹಾಕಿತು. ಫೈಲುಗಳು ಒಂದೊಂದಾಗಿ ದಾಟತೊಡಗಿದವು. ಅವಳು ಗಾಜಿನ ಆಚೆಗಿನ ಖಾಲಿ ಕುರ್ಚಿ ನೋಡುತ್ತ ಕೂತಳು.

ಆಗ ಸ್ಪೀಕರು ಕೆಮ್ಮಿತು.

"ಲುಂಬಿನಿ... ಕೇಳಸ್ತದೇನು? ನಾ, ಮಹೇಶ. ಎದುರಿಗಿ ನಿಂತ್ರ ನನ್ನ ಬಾಯೇ ಬರಂಗಿಲ್ಲ, ಅದಕ್ಕ ಮಷೀನಿಗಿ ಹೇಳಿಟ್ಟೀನಿ. ನೀ ನನಗ ಬೇಕು. ಅವ್ವ ಒಪ್ಪಂಗಿಲ್ಲ, ಅಳ್ತಾಳ, ನನಗ ಗೊತ್ತದ. ಆದ್ರೂ ನಾಳಿ ಮುಂಜಾನಿ ಗಾಡಿಗಿ ನಿಮ್ಮೂರಿಗಿ ಬಂದು ನಿಮ್ಮಪ್ಪನ ಮುಂದ ಕುಂದರ್ತೀನಿ. ಈಗ ಇದು ಕೇಳಿ ನಿನಗ ಹೌದು ಅನಿಸಿದ್ರ, ಎದ್ದು ಹೊರಗ ಬಾ. ನಾ ಬಾಗಲಾಗ ನಿಂತಿರ್ತೀನಿ. ನಗಬ್ಯಾಡ ಮತ್ತ."

ಮೊದಲ ಸಲ ಅವನು ಅವಳನ್ನು ನೀ ಎಂದಿದ್ದ.

ಲುಂಬಿನಿ ಎದ್ದಳು. ತಾನು ಎದ್ದದ್ದೇ ಅವಳಿಗೆ ಗೊತ್ತಾಗಲಿಲ್ಲ. ಬಾಗಿಲಿಗೆ ಹೋಗಿ ನೋಡಿದಳು. ಮೆಟ್ಟಿಲು, ಮೆಟ್ಟಿಲ ಮೇಲೆ ಊರಿನ ಫ್ಯಾಕ್ಟರಿಗಳ ಸಿಮೆಂಟಿನ ಧೂಳು, ಕೆಳಗೆ ಗೊಬ್ಬರದ ಚೀಲ ಇಳಿಸುತ್ತಿದ್ದ ಲಾರಿ. ಅಷ್ಟೇ.

ಮರಳಿ ಬಂದು ಮಷೀನಿನಲ್ಲಿ ಕಾಯುತ್ತಿರುವ ಕೆಲಸಗಳ ಸಾಲನ್ನು ತೆಗೆದು ನೋಡಿದಳು. ಖಾಲಿ. ಒಂದೇ ಸಲದ್ದು, ಮಾಡಿ ಮುಗಿಸಿತ್ತು. ಆಗ ಅವಳಿಗೆ ಎಲ್ಲ ತಿಳಿಯಿತು. ದಿನಾ ಮಾಡುವ ಕೆಲಸ ಇವತ್ತು ತಪ್ಪಿದರೆ ಮಷೀನು ಅದನ್ನು ಬಿಟ್ಟುಬಿಡುತ್ತದೆ. ನಾಳೆ ಹೇಗೂ ಇದೆ. ಒಂದೇ ಸಲದ್ದಕ್ಕೆ ನಾಳೆ ಇಲ್ಲ. ಅದನ್ನು ಮಷೀನು ಹಿಡಿದಿಟ್ಟುಕೊಂಡು, ಎಚ್ಚರವಾಗಿ ಹೊತ್ತು ಮೀರಿದ್ದು ತಿಳಿದೊಡನೆ ಮಾಡುತ್ತದೆ. ಇದು ಮಹೇಶನಿಗೇ ತಿಳಿದಿರಲಿಲ್ಲ. ಮಷೀನು ಬಂದ್ ಮಾಡಿದರೆ ಮಾತೂ ಸಾಯುತ್ತದೆ ಎಂದು ನಂಬಿದ್ದ.

ಬಂದ್ ಮಾಡಿದ್ದು ಅವನೇ. ಅವತ್ತು ಫ್ಯಾನು ತಿರುಗುತ್ತಿತ್ತಲ್ಲ, ಕರೆಂಟು ಹೋಗಿರಲಿಲ್ಲ.

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಅವನು ಪ್ರೀತಿಸಲಿಲ್ಲ ಎಂದುಕೊಂಡು ಇಷ್ಟು ದಿನ ಅತ್ತದ್ದು ಬೇರೆ, ಈಗಿನದು ಬೇರೆ. ಪ್ರೀತಿಸಿದ್ದ, ಬಾಯಿಬಿಟ್ಟು ಹೇಳಿದ್ದ, ಆಮೇಲೆ ಆ ಮಾತಿನ ಬಾಯಿಯನ್ನು ತಾನೇ ಮುಚ್ಚಿದ್ದ. ಫೋನು ಕೈಗೆ ತೆಗೆದುಕೊಂಡಳು. ಅವನ ನಂಬರಿನ ಮೇಲೆ ಹೆಬ್ಬೆರಳು ನಿಂತಿತು. ಈಗ ಕರೆದರೆ ಓಡಿ ಬಂದಾನು. ಬಾಗಿಲ ತನಕ ಬಂದು ಮತ್ತೆ ಹೆದರಿಯಾನು. ಇನ್ನೊಂದು ಐದು ಗಂಟೆಯನ್ನು ತಡೆಯುವ ಶಕ್ತಿ ಅವಳಲ್ಲಿ ಇರಲಿಲ್ಲ. ಅತ್ತ ಶಹಾಬಾದಿನಲ್ಲಿ ಒಬ್ಬ ಅವಳ ಹೂಂ ಅನ್ನು ಪೂರಾ ನಿಜವೆಂದು ನಂಬಿ ಕೂತಿದ್ದ. ಫೋನು ಚೀಲಕ್ಕೆ ಹಾಕಿದಳು.

ಮುಖ ತೊಳೆದು ಮೈಕಿನ ಮುಂದೆ ಕೂತಳು. ನಾಳಿನ ಕಾರ್ಯಕ್ರಮಕ್ಕೆ ಹವಾಮಾನ ಓದಿದಳು, ಬಿತ್ತನೆಯ ಸೂಚನೆ ಓದಿದಳು. ಕೊನೆಗೆ ಎಂದಿನ ಧ್ವನಿಯಲ್ಲೇ ಹೇಳಿದಳು: "ಕೇಳುಗರೊಬ್ಬರು ಬಹಳ ದಿನದ ಹಿಂದೆ ಕಳಿಸಿದ ಮಾತು ನಮಗೆ ಇವತ್ತು ಮುಟ್ಟಿದೆ. ಅವರಿಗೆ ನಮ್ಮ ಉತ್ತರ: ಬಾಗಿಲ ತನಕ ಬಂದು ನೋಡಿದೆ. ನಮಸ್ಕಾರ."

ಅದನ್ನು ಹೊಸ ಮಷೀನಿನ ದಿನದ ಸಾಲಿಗೆ ಸೇರಿಸಲಿಲ್ಲ. ನಾಳಿನ ಐದು ಗಂಟೆ ಬರೆದು, ಒಂದೇ ಸಲಕ್ಕೆ ಇಟ್ಟಳು. ಗಾಡಿಯ ಹೊತ್ತಾಗಿತ್ತು.

ಮರುದಿನ ಚಿತ್ತಾಪುರದ ಅಂಗಳದಲ್ಲಿ ಅವಳಿಗೆ ಅರಿಷಿಣ ಹಚ್ಚುತ್ತಿದ್ದರು. ಅವ್ವ ಲಾಲಮ್ಮ ಕೆನ್ನೆಗೆ ಹಚ್ಚಿದ ಅರಿಷಿಣ ಒದ್ದೆಯಾಗಿ ಇಳಿಯಿತು.

"ಯಾಕವ್ವ, ಕಣ್ಣಿಗಿ ಹೋಯ್ತೇನು?"

"ಹೂಂ," ಎಂದಳು. "ಎಷ್ಟಾಯ್ತವ್ವ ಈಗ?"

"ಐದು ಹೊಡೀಲಿಕತ್ತಾದ ನೋಡು."

ಲುಂಬಿನಿ ಕಣ್ಣು ಮುಚ್ಚಿದಳು. ಸೇಡಂನಲ್ಲಿ ಯಾರೂ ಮಷೀನು ಬಂದ್ ಮಾಡದಿದ್ದರೆ ಸಾಕು ಎಂದುಕೊಂಡಳು.